ಹರಳೊಳಗಿನ ನೀರು

"ಅಂಟ್ತಾನೇ ಇಲ್ಲ ಮೇಡಂ," ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದ್ದೇ ತಡ, ತರಗತಿಯೆಲ್ಲ ಕಿಸಕ್ಕನೆ ನಕ್ಕಿತು. ಅಧ್ಯಾಪಕಿ ಮೂರನೇ ಸಲ ಬೀಕರನ್ನು ಎತ್ತಿದರು. ಬೀಕರು ಮೇಲೆ ಬಂತು, ಅದರಡಿಯ ಒದ್ದೆ ಹಲಗೆ ಮೇಜಿನ ಮೇಲೇ ಉಳಿಯಿತು. ಎರಡು ಬಿಳಿ ಪುಡಿ ಕಲಸಿದರೆ ಬೀಕರು ಕೊರೆಯುವಷ್ಟು ತಣ್ಣಗಾಗಿ, ಅಡಿಯ ನೀರು ಹೆಪ್ಪುಗಟ್ಟಿ, ಹಲಗೆ ಅಂಟಿಕೊಂಡು ಬರಬೇಕಿತ್ತು. ಪುಡಿ ಮಾತ್ರ ಪುಡಿಯಾಗಿಯೇ ಕೂತಿತ್ತು.

ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಪೆನ್ನು ತೆರೆದರು. ಈ ಅಧ್ಯಾಪಕಿಯನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬುದು ಇವತ್ತಿನ ಪಾಠದ ಮೇಲೆ ನಿಂತಿತ್ತು.

ಬಾಗಿಲಲ್ಲಿ ನಿಂತಿದ್ದ ಲ್ಯಾಬ್ ಅಕ್ಕ ಆ ಪೆನ್ನನ್ನೇ ನೋಡಿದಳು. ಹದಿನಾಲ್ಕು ವರ್ಷದಿಂದ ಇಲ್ಲಿ ಬೀಕರು ತೊಳೆಯುತ್ತಿದ್ದವಳು ಅವಳು. ಇದ್ಯಾಕೆ ನೀಲಿಯಾಯ್ತು, ಅದ್ಯಾಕೆ ಬಿಸಿಯಾಯ್ತು ಎಂದು ಕೇಳದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಹಿಂದಿದ್ದ ಅಧ್ಯಾಪಕರೆಲ್ಲ "ನಿನಗ್ಯಾಕಮ್ಮ ಅದು?" ಎಂದು ಬಾಯಿ ಮುಚ್ಚಿಸಿದ್ದರು. ಸಿಂಕಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳಿಕೊಟ್ಟವರು ಈ ಮೇಡಂ ಒಬ್ಬರೇ. ಇವರೂ ಹೋದರೆ ಮತ್ತೆ ಸೋಪು, ಬ್ರಷ್ಷು, ನಲ್ಲಿ, ಅಷ್ಟೇ.

ಮೊನ್ನೆ ಆ ಎರಡು ಪುಡಿಗಳಲ್ಲೊಂದಾದ ಬೇರಿಯಂ ಹೈಡ್ರಾಕ್ಸೈಡಿನ ಬಾಟಲಿ ತೆರೆದಾಗ ಹರಳು ಒದ್ದೊದ್ದೆಯಾಗಿ ಕಂಡಿತ್ತು. ಅಯ್ಯೋ, ಹಾಳಾಗುತ್ತಿದೆಯಲ್ಲ ಎಂದು ಓವನ್ನಿನಲ್ಲಿಟ್ಟು ಒಣಗಿಸಿ, ಕುಟ್ಟಿ, ಹಿಟ್ಟಿನಂತೆ ಮಾಡಿಟ್ಟವಳು ತಾನೇ! ಮೇಡಂ ಮೆಚ್ಚಲಿ ಎಂಬ ಆಸೆ ಬೇರೆ. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಮೇಡಂ, ತಪ್ಪು ನಂದು. ಅದನ್ನ ನಾನು ಒಣಗಿಸಿಬಿಟ್ಟೆ."

ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. ಅಧ್ಯಾಪಕಿ ಬೈಯಲಿಲ್ಲ, ಅವರ ಕಣ್ಣು ಅರಳಿತು. "ಒಣಗಿದ ಮೇಲೆ ಬಾಟಲಿ ಹಗುರ ಅನ್ನಿಸ್ತಾ ಅಕ್ಕಾ?"

"ಹೂಂ, ಹತ್ತಿರತ್ತಿರ ಅರ್ಧ. ಯಾರೋ ಕದ್ದರೇನೋ ಅಂದ್ಕೊಂಡೆ."

"ಹೋಗಿದ್ದು ನೀರು. ಆ ಹರಳೊಳಗೆ ನೀರು ಸಾಲಾಗಿ ಕೂತಿರುತ್ತೆ. ಒಣಗಿಸದೇ ಇರೋದು ಉಳಿದಿದೆಯಾ?"

ಉಳಿದಿತ್ತು. ಓವನ್ನಿನಲ್ಲಿ ಜಾಗ ಸಾಲದೆ ಬಿಟ್ಟಿದ್ದ ಇನ್ನೊಂದು ಬಾಟಲಿಯನ್ನು ಅಕ್ಕ ಓಡಿಹೋಗಿ ತಂದಳು. ಕಿಟಕಿಗಳನ್ನೆಲ್ಲ ತೆರೆದರು. ಈ ಸಲ ಅದಕ್ಕೆ ಇನ್ನೊಂದು ಪುಡಿ, ಅಮೋನಿಯಂ ಕ್ಲೋರೈಡ್, ಬೆರೆಸಿ ಕಲಕುತ್ತಿದ್ದಂತೆ ಒಳಗಿದ್ದದ್ದು ಕೆಸರಾಯಿತು, ಅಮೋನಿಯದ ಘಾಟು ಮೂಗಿಗೆ ಅಡರಿತು, ಬೀಕರಿನ ಹೊರಮೈ ಬೆಳ್ಳಗಾಯಿತು. ಎತ್ತಿದರೆ, ಅಬ್ಬಾ, ಹಲಗೆಯೂ ಎದ್ದು ಬಂತು!

ಅಧ್ಯಾಪಕಿ ಬೋರ್ಡಿನ ಮೇಲೆ, ಕಣಗಳ ಚೆಲ್ಲಾಪಿಲ್ಲಿತನಕ್ಕೆ ವಿಜ್ಞಾನ ಕೊಟ್ಟ ಹೆಸರು, 'ಎಂಟ್ರಪಿ' ಎಂದು ಬರೆದು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು ಎದ್ದರು. "ನೀವು ಕೂತ್ಕೊಳ್ಳಿ. ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು. ಕಲಿಸಿದ್ದು ಇನ್ನೊಬ್ಬರ ತಲೆಗೆ ಹೋಗಿದೆಯಾ ನೋಡಬೇಕು." ಪೆನ್ನು ಅಕ್ಕನ ಕಡೆ ತಿರುಗಿತು. "ನೀನು ಹೇಳಮ್ಮ. ಇದಕ್ಕೆ ಯಾರೂ ಶಾಖ ಕೊಟ್ಟಿಲ್ಲ. ಇದೇ ಶಾಖ ಎಳ್ಕೊಂಡಿದೆ. ಆದ್ರೂ ತಾನಾಗೇ ಯಾಕೆ ನಡೀತು?"

ಅಕ್ಕ ಮೇಡಂ ಕಡೆ ನೋಡಿದಳು. ಮೇಡಂ ತುಟಿ ಬಿಚ್ಚುವಂತಿರಲಿಲ್ಲ. ಅವಳು ಬೀಕರನ್ನು ಮುಟ್ಟಿ ನೋಡಿದಳು.

"ಹರಳೊಳಗೆ ಎಲ್ಲಾ ಈ ಮಕ್ಕಳು ಬೆಂಚಲ್ಲಿ ಕೂತ ಹಾಗೆ. ಇದ್ದಲ್ಲೇ ಇರಬೇಕು. ಬೆರೆಸಿದ್ರೆ ನೀರು ಬಿಡಿಸ್ಕೊಂಡು ಹರಿಯುತ್ತೆ, ಅಮೋನಿಯ ಗಾಳಿಗೆ ಹಾರುತ್ತೆ. ಕೂರೋಕೆ ಒಂದೇ ಜಾಗ, ಅಲೆಯೋಕೆ ಸಾವಿರ ಜಾಗ. ಅದಕ್ಕೇ ಆ ಕಡೆ ವಾಲುತ್ತೆ. ಕಟ್ಟು ಬಿಚ್ಚೋಕೆ ಬೇಕಾದ ಶಾಖಾನ ಗಾಜಿಂದ, ಹಲಗೆಯಿಂದ, ನನ್ನ ಕೈಯಿಂದ ಕಿತ್ಕೊಳುತ್ತೆ. ನಾನು ಒಣಗಿಸಿದ್ರಲ್ಲಿ ಬಿಡಿಸ್ಕೊಳ್ಳೋಕೆ ನೀರೇ ಇರಲಿಲ್ಲ."

"ಸುತ್ತಲಿನದು ತಣ್ಣಗಾಗಿ ಅಲ್ಲಿಯ ಅಲೆದಾಟ ಕಮ್ಮಿ ಆಯ್ತಲ್ಲ?" ಎಂದರು ಪ್ರಿನ್ಸಿಪಾಲರು.

"ಆಯ್ತು." ಅಕ್ಕ ಬೀಕರಿನೊಳಗಿನ ಕೆಸರು ತೋರಿಸಿದಳು. "ಒಳಗೆ ಹೆಚ್ಚಿದ್ದು ಅದಕ್ಕಿಂತ ಜಾಸ್ತಿ. ಇಲ್ಲಾಂದ್ರೆ ನಡೀತಾನೇ ಇರಲಿಲ್ಲ."

ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಪೆನ್ನಿಗೆ ಕ್ಯಾಪು ಹಾಕಿದರು. ಹೊರಡುವಾಗ ಬಾಟಲಿಯನ್ನು ಬೆರಳಿಂದ ತಟ್ಟಿದರು. "ಇದನ್ನ ಹೀಗೇ ಎತ್ತಿಡಮ್ಮ, ಒಣಗಿಸಬೇಡ. ಮುಂದಿನ ವರ್ಷ ನಿಮ್ಮ ಮೇಡಂಗೆ ಬೇಕಾಗುತ್ತೆ."

ಅಕ್ಕನಿಗೆ ಕುಣಿಯಬೇಕೆನಿಸಿತು. ಮುಚ್ಚಳವನ್ನು ಎರಡೆರಡು ಸಲ ಬಿಗಿ ಮಾಡಿದಳು. ಅಧ್ಯಾಪಕಿ ಬೀಕರನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹಲಗೆ ಬಿಟ್ಟುಕೊಂಡು ಟಪ್ಪೆಂದು ಮೇಜಿನ ಮೇಲೆ ಬಿತ್ತು.