ತಿರುಗಿ ಬಾರದವರು

ಭಾನುವಾರ ಬೆಳಗಾದರೆ ಮದರಾಸಿನ ವೆಸ್ಟ್ ಮಾಂಬಲಂನ ಒಂದು ಇಕ್ಕಟ್ಟು ಓಣಿಯಲ್ಲಿ ಸುಮಿತ್ರಮ್ಮನ ಮನೆಯ ಜಗುಲಿಯ ಮೇಲೆ ನಾಲ್ಕೈದು ಜನ ಕಾಯುತ್ತ ಕುಳಿತಿರುತ್ತಿದ್ದರು. ಒಬ್ಬರಿಗೆ ಪಾದ ಉಳುಕಿದೆ, ಇನ್ನೊಬ್ಬರಿಗೆ ಸೊಂಟ ಹಿಡಿದಿದೆ, ಮತ್ತೊಬ್ಬರಿಗೆ ಕತ್ತು ಹೊರಳದು. ಸುಮಿತ್ರಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲು ಸೋಕಿದರೆ ಉಳುಕು ಬಿಡುತ್ತದೆಂಬ ನಂಬಿಕೆ ಅವರೊಡನೆ ದಾವಣಗೆರೆಯಿಂದ ಮದರಾಸಿಗೆ ಬಂದಿತ್ತು. ಬಿಸಿ ಎಳ್ಳೆಣ್ಣೆ ಹಚ್ಚಿ ಬಲವಾಗಿ ನೀವಿ, ಎಡಗಾಲಿನ ಹೆಬ್ಬೆರಳಿನಿಂದ ಮೂರು ಸಲ ಒತ್ತಿ, "ಹೋಗ್ರಿ, ಬಿಡ್ತು" ಎನ್ನುವರು. ಒಂದು ಕಾಸನ್ನೂ ಮುಟ್ಟುತ್ತಿರಲಿಲ್ಲ. ಮಗ ಕುಮಾರಸ್ವಾಮಿಗೆ ಪುರಸೈವಾಕ್ಕಂನಲ್ಲಿ ಜವಳಿ ಅಂಗಡಿಯಿತ್ತು. ಆದರೆ ಓಣಿಯವರು ಅವನನ್ನು ಗುರುತಿಸುತ್ತಿದ್ದುದು ಉಳುಕಿನ ಅಮ್ಮನ ಮಗನೆಂದೇ.

ಎರಡು ಸಾವಿರದ ಎರಡನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಸಂಜೆ ಅದೇ ಜಗುಲಿಗೆ ಅವರ ಮೊಮ್ಮಗಳೇ ಗೆಳತಿಯರ ಹೆಗಲು ಹಿಡಿದು ಕುಂಟುತ್ತ ಬಂದಳು. ಭವಾನಿ ಪ್ಲಸ್ ಒನ್, ಎಂದರೆ ಹನ್ನೊಂದನೆಯ ತರಗತಿ, ಓದುತ್ತಿದ್ದಳು. ಶಾಲೆಯ ವಾಲಿಬಾಲ್ ತಂಡದಲ್ಲಿ ಅವಳಷ್ಟು ಎತ್ತರಕ್ಕೆ ನೆಗೆಯುವವರಿರಲಿಲ್ಲ; ಜಿಲ್ಲಾ ತಂಡದ ಆಯ್ಕೆಗೆ ಹನ್ನೊಂದು ದಿನ ಉಳಿದಿತ್ತು. ಚೆಂಡು ಹೊಡೆದು ಒಂಟಿ ಕಾಲಿನ ಮೇಲೆ ಇಳಿದಾಗ ಮೊಣಕಾಲು ಒಳಕ್ಕೆ ತಿರುಚಿತ್ತು.

"ಒಳಗೆ ಟಪ್ ಅಂತ ಸದ್ದಾಯ್ತು ಅಜ್ಜಿ. ಐಸ್ ಇಟ್ಟು ಡಾಕ್ಟರ್‌ಗೆ ತೋರಿಸು ಅಂದ್ರು ಪಿ.ಟಿ. ಮಿಸ್."

ಅಷ್ಟರಲ್ಲೇ ಮೊಣಕಾಲು ತೆಂಗಿನಕಾಯಿಯಷ್ಟು ಊದಿಕೊಂಡಿತ್ತು. ಕುಮಾರಸ್ವಾಮಿ, "ಒಂದ್ಸಲ ತೋರಿಸಿಬಿಡಾಣ ಅವ್ವ" ಎಂದ.

"ಊರಿನ ಉಳುಕು ತೆಗೆಯೋಳ ಮೊಮ್ಮಗಳು ಡಾಕ್ಟ್ರ ಬಾಗಿಲಿಗೆ ಹೋದ್ರೆ, ನಾಳೆ ಈ ಜಗುಲಿ ಮ್ಯಾಲೆ ಯಾರು ಕೂಡ್ತಾರೋ?" ಎಂದು ಸುಮಿತ್ರಮ್ಮ ನಕ್ಕರು. ನಗುತ್ತಲೇ ಎಣ್ಣೆ ಕಾಯಿಸಲು ಎದ್ದರು.

ನೀವುವಾಗ ಹುಡುಗಿ ಹಲ್ಲು ಕಚ್ಚಿ, "ವೇಂಡಾಂ ಅಜ್ಜಿ, ವಲಿಕ್ಕುದು" ಎಂದು, ಬೇಡ, ನೋಯುತ್ತದೆಂದು ಗೋಗರೆದಳು. ನೋವಾದಾಗ ಅವಳ ಬಾಯಿಗೆ ಬರುತ್ತಿದ್ದುದು ಶಾಲೆಯ ತಮಿಳೇ.

"ನೋವಾದ್ರೇನೇ ಬಿಡೋದು. ಸುಮ್ಕಿರು."

ಹತ್ತು ದಿನಗಳಲ್ಲಿ ಊತ ಇಳಿಯಿತು. ಆದರೂ ಮೆಟ್ಟಿಲಿಳಿಯುವಾಗ ಮೊಣಕಾಲು ಜಾರಿದ ಹಾಗಾಗುತ್ತದೆಂದು ಭವಾನಿ ಹೇಳಿದಳು. "ಅದು ನಿನ್ನ ಅಂಜಿಕೆ. ನಾನು ಮುಟ್ಟೀನಿ, ಹೋಗಿ ಆಡು" ಎಂದರು ಸುಮಿತ್ರಮ್ಮ. ಮರುದಿನ ಆಯ್ಕೆಯ ಮೈದಾನದಲ್ಲಿ ಮೂರನೆಯ ಸಲ ನೆಗೆದವಳು ಕೆಳಗೆ ಬಿದ್ದಳು. ಎದ್ದು ನಿಲ್ಲಲು ಆಗಲಿಲ್ಲ.

ಕೀಲ್ಪಾಕಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ನೀರಜಾ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದ ಮನೆಯವರು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೊಣಕಾಲನ್ನು ಸುಮಿತ್ರಮ್ಮನ ಮುಂದಿಟ್ಟು ವಿವರಿಸಿದರು.

"ಕೀಲಿನ ಒಳಗಡೆ ಹಗ್ಗದ ಥರ ಒಂದು ಲಿಗಮೆಂಟ್ ಇದೆ, ನೋಡಿ ಅಮ್ಮ. ಕೆಳಗಿನ ಎಲುಬು ಮುಂದಕ್ಕೆ ಜಾರದ ಹಾಗೆ ಹಿಡಿದಿರುತ್ತೆ. ಮೊದಲನೇ ದಿನವೇ ಅದು ಹರಿದಿದೆ. ಆ ಸದ್ದು ಅದರದ್ದೇ. ಆಮೇಲೆ ಮತ್ತೆ ಆಡಿದ್ದಕ್ಕೆ ಎರಡು ಎಲುಬಿನ ನಡುವೆ ಇರೋ ಈ ಮೆತ್ತೆಯೂ ಸೀಳಿದೆ. ಆಪರೇಷನ್ ಆಗಲೇಬೇಕು. ಮೊದಲನೇದು ಆಟದಲ್ಲಿ ಆಗೋದೇ, ಯಾರನ್ನೂ ಅನ್ನೋ ಹಾಗಿಲ್ಲ. ಎರಡನೇದು ಆಗಬೇಕಾಗಿರಲಿಲ್ಲ."

ಸುಮಿತ್ರಮ್ಮನಿಗೆ ಸಿಟ್ಟೇ ಮೊದಲು ಬಂತು. "ಮೂವತ್ತು ವರ್ಷದಿಂದ ಎಷ್ಟು ಜನಕ್ಕೆ ವಾಸಿ ಆಗೈತೆ ಡಾಕ್ಟ್ರವ್ವ. ಅದೆಲ್ಲ ಸುಳ್ಳಾ?"

"ಸುಳ್ಳು ಅಂತ ನಾನು ಹೇಳಲ್ಲ. ಸುಮಾರಾದ ಉಳುಕು ನೀವು ಮುಟ್ಟಿದ್ರೂ ವಾಸಿ ಆಗುತ್ತೆ, ಮುಟ್ಟದೇ ಇದ್ರೂ ಎರಡು ಮೂರು ವಾರಕ್ಕೆ ವಾಸಿ ಆಗುತ್ತೆ. ವಾಸಿ ಆದವರು ಹಣ್ಣು ಹೂವು ತಂದು ನಮಸ್ಕಾರ ಮಾಡಿರ್ತಾರೆ. ಆಗದೇ ಇದ್ದವರು ನಿಮ್ಮನೆಗೆ ತಿರುಗಿ ಬಂದಿದ್ರಾ ಅಮ್ಮ?"

ಉತ್ತರ ಹೇಳಲು ಸುಮಿತ್ರಮ್ಮ ಬಾಯಿ ತೆರೆದರು. ಹೆಸರುಗಳು ನೆನಪಾದವು, ಹಣ್ಣಿನ ತಟ್ಟೆಗಳು ನೆನಪಾದವು. ಬಾರದವರ ಮುಖ ಮಾತ್ರ ಒಂದೂ ನೆನಪಾಗಲಿಲ್ಲ. ಅವರನ್ನು ನೆನೆಯುವ ಕಷ್ಟವನ್ನು ಸುಮಿತ್ರಮ್ಮ ಯಾವತ್ತೂ ತೆಗೆದುಕೊಂಡಿರಲಿಲ್ಲ.

ಎರಡು ದಿನ ಯೋಚಿಸಿದ ಮೇಲೆ ಒಂದು ಹೆಸರು ಸಿಕ್ಕಿತು. ತಿರುಮಲೇಶ. ಎಂಟು ವರ್ಷಗಳ ಹಿಂದೆ ಫುಟ್‌ಬಾಲ್ ಆಡಿ ಹಿಮ್ಮಡಿಯ ಗಂಟು ತಿರುಚಿಕೊಂಡು ಬಂದಿದ್ದ ಕಾಲೇಜು ಹುಡುಗ. ಈಗ ಮಾಂಬಲಂ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಾನೆಂದು ಯಾರೋ ಹೇಳಿದರು. ಸುಮಿತ್ರಮ್ಮ ಸರತಿಯಲ್ಲಿ ನಿಂತು ಕಿಟಕಿ ತಲುಪಿದರು.

"ಎಲ್ಲಿಗಮ್ಮ?"

"ನಿನ್ನ ಹತ್ರಾನೇ ಬಂದೀನಪ್ಪ. ನಿನ್ನ ಕಾಲು ನೋಡಬೇಕು."

ಊಟದ ಬಿಡುವಿನಲ್ಲಿ ಅವನು ಹೊರಗೆ ಬಂದ. ಬಲಗಾಲನ್ನು ಕೊಂಚ ಎಳೆದು ಹಾಕುತ್ತಿದ್ದ. ಅವರ ನೋಟ ಎಲ್ಲಿದೆಯೆಂದು ತಿಳಿದು ನಕ್ಕ.

"ಈಗ ಮಳೆ ಸುದ್ದಿ ರೇಡಿಯೋಗಿಂತ ಮುಂಚೆ ಈ ಕಾಲಿಗೇ ಗೊತ್ತಾಗುತ್ತಮ್ಮ. ಅವತ್ತು ಗಂಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತ್ತಂತೆ. ಲೇಟಾಗಿ ಗೊತ್ತಾಯ್ತು, ವಕ್ರವಾಗಿ ಕೂಡಿಕೊಂಡುಬಿಟ್ಟಿತ್ತು."

"ನನಗ್ಯಾಕೆ ಹೇಳಲಿಲ್ಲೋ ಮಗಾ?"

"ಹೇಳಬೇಕು ಅಂತಾನೇ ಒಂದು ಭಾನುವಾರ ಬಂದಿದ್ದೆ. ಜಗುಲಿ ಮೇಲೆ ಆರು ಜನ ಇದ್ರು. ಅವರ ಮುಂದೆ ನಿಮಗೆ ಹೇಗೆ ಹೇಳೋದು? ಹಾಗೇ ವಾಪಸ್ ಹೋದೆ." ಅವನ ನಗು ನಿಂತಿತು. "ಆ ಆರು ಜನಕ್ಕಾದರೂ ಹೇಳಬೇಕಾಗಿತ್ತು ಅಂತ ಆಮೇಲೆ ಅನ್ನಿಸ್ತಮ್ಮ."

ಕೇಡು ಮಾಡಿದವರನ್ನು ಬಯ್ಯುವುದು ಸುಲಭ. ಬಯ್ಯದೆ ಮರ್ಯಾದೆಗೆ ಅಂಜಿ ತಿರುಗಿ ಹೋದವರಿಂದಲೂ ಆ ಕೇಡು ಬೆಳೆಯುತ್ತದೆ. ಗೌರವದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡ ಓಣಿಯೊಂದು ಎಷ್ಟು ಕಾಲುಗಳನ್ನು ಮುರಿಯಬಲ್ಲದೆಂದು ಸುಮಿತ್ರಮ್ಮ ಪ್ಲಾಟ್‌ಫಾರಂನ ಒಂದು ಕಲ್ಲುಬೆಂಚಿನ ಮೇಲೆ ಕುಳಿತು ಕಂಡರು. ಆ ವಾರ ತಿರುಗಿ ಬಾರದ ಇನ್ನೂ ಇಬ್ಬರನ್ನು ಹುಡುಕಿಕೊಂಡು ಹೋದರು. ಒಬ್ಬಾಕೆ ಕಾಫಿ ಕೊಟ್ಟಳು. ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಈಗ ಬಂದು ಏನು ಪ್ರಯೋಜನ?" ಎಂದರು. ಸುಮಿತ್ರಮ್ಮ ಅದನ್ನೂ ನಿಂತು ಕೇಳಿಸಿಕೊಂಡರು.

ಆಪರೇಷನ್ ಆಯಿತು. ಮನೆಗೆ ಬಂದ ದಿನ ಭವಾನಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು. ಸುಮಿತ್ರಮ್ಮ ಮಂಚದ ಪಕ್ಕ ನಿಂತು, "ಅವತ್ತು ಆಡು ಅಂದಿದ್ದು ನಿನ್ನ ಸಲುವಾಗಿ ಅಲ್ಲ ಕಣವ್ವ, ನನ್ನ ಹೆಸರಿನ ಸಲುವಾಗಿ. ತಪ್ಪಾತು" ಎಂದರು. ಹುಡುಗಿ ಗೋಡೆಯಿಂದ ಇತ್ತ ಮುಖ ತಿರುಗಿಸಿದಳು. "ಸರಿ, ಹಾಗಾದ್ರೆ ನನ್ನ ಎಕ್ಸರ್‌ಸೈಜ್ ನೀನೇ ಎಣಿಸಬೇಕು. ಮೋಸ ಮಾಡಬಾರದು" ಎಂದಳು.

ಅಂದಿನಿಂದ ಬೆಳಿಗ್ಗೆ ಸಂಜೆ ಎಣಿಕೆ ನಡೆಯಿತು. ಕಾಲು ನೀಡಿ, ತೊಡೆಯ ಸ್ನಾಯು ಬಿಗಿಹಿಡಿದು, ಒಂದಡಿ ಎತ್ತಿ ಹತ್ತು ಎಣಿಸಿ ಇಳಿಸಬೇಕು. ಡಾಕ್ಟರ್ ಭಾರ ಕಟ್ಟಲು ಹೇಳಿದಾಗ ಸುಮಿತ್ರಮ್ಮ ಹಳೆಯ ಸೀರೆ ಹರಿದು ಚೀಲ ಹೊಲಿದು ಮರಳು ತುಂಬಿದರು. ಭವಾನಿ ಒಂಬತ್ತಕ್ಕೆ ಇಳಿಸಿದರೆ, "ಇನ್ನೊಂದು ಐತೆ" ಎನ್ನುವರು.

"ಪಿ.ಟಿ. ಮಿಸ್ಸೇ ವಾಸಿ ನಿನಗಿಂತ."

"ಅವರ ಮಾತು ಮೊದಲೇ ಕೇಳಿದ್ರೆ ನಿನಗೆ ಈ ಕಾಟ ಇರ್ತಿರಲಿಲ್ಲ. ಎತ್ತು."

ಮೊಮ್ಮಗಳ ಆರೈಕೆಯೆಂದು ಸುಮಿತ್ರಮ್ಮ ಮೂರು ತಿಂಗಳು ಯಾರ ಉಳುಕನ್ನೂ ನೀವಿರಲಿಲ್ಲ. ಆಮೇಲೆ ಒಂದು ಭಾನುವಾರ ಹಿಂದಿನ ಬೀದಿಯ ಪ್ರೇಮಮ್ಮ ಮಗಳು ಸುಮೇಧಾಳನ್ನು ಹೆಗಲಿಗೆ ಆನಿಸಿಕೊಂಡು ಬಂದರು. ಹುಡುಗಿ ಓಟದ ಅಭ್ಯಾಸದಲ್ಲಿ ಕಾಲು ಹೊರಳಿಸಿಕೊಂಡಿದ್ದಳು. ಪಾದದ ಗಂಟು ಊದಿತ್ತು. ನಾಲ್ಕು ಹೆಜ್ಜೆ ಊರಲಾರದೆ ಒಂಟಿ ಕಾಲಿನಲ್ಲಿ ನಿಂತಿದ್ದಳು. ಜಗುಲಿಯ ಮೇಲೆ ಆಗಲೇ ಮೂವರಿದ್ದರು.

"ಬುಧವಾರ ಇವಳ ಓಟ ಇದೆ ಸುಮಿತ್ರಮ್ಮ. ನೀವೊಂದ್ಸಲ ಕಾಲು ಸೋಕಿಸಿದ್ರೆ ಸಾಕು."

"ನಾನು ಇನ್ನು ಯಾರಿಗೂ ಮುಟ್ಟಾಕಿಲ್ಲ ಪ್ರೇಮಮ್ಮ. ಕಾಲು ಊರಾಕೆ ಆಗದಿದ್ರೆ ಎಲುಬು ನೋಡಿಸಬೇಕು."

ಪ್ರೇಮಮ್ಮನ ಮುಖ ಬಿಗಿಯಿತು. "ಮೊಮ್ಮಗಳಿಗೆ ಆಗಲಿಲ್ಲ ಅಂತ ನಮ್ಮ ಮಕ್ಕಳಿಗೂ ಬೇಡವಾ? ನಿಮ್ಮನ್ನ ನಂಬಿ ಬಂದೋರಿಗೆ ಇದೇನಾ?"

ಸುಮಿತ್ರಮ್ಮ ಜಗುಲಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ಮೊಮ್ಮಗಳೊಬ್ಬಳೇ ಅಲ್ಲ. ಸ್ಟೇಷನ್ನಿನ ತಿರುಮಲೇಶ ಕುಂಟತಾನೆ, ಅದು ನನ್ನಿಂದ. ಇನ್ನೂ ಇಬ್ಬರ ಹೆಸರು ಹೇಳತೀನಿ, ಹೋಗಿ ಕೇಳ್ರಿ."

ಒಳಗಿನಿಂದ ಭವಾನಿ ಮೊಣಕಾಲಿನ ಪಟ್ಟಿ ಬಿಗಿದುಕೊಂಡು ಹೊರಗೆ ಬಂದಳು. ಅವಳ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಐಸ್ ಇತ್ತು. ಸುಮಿತ್ರಮ್ಮ ನೆಲದ ಮೇಲೆ ಕುಳಿತರು. ಮೂವತ್ತು ವರ್ಷ ಇತರರ ಮೈಮೇಲೆ ಕಾಲಿಟ್ಟಿದ್ದವರು ಸುಮೇಧಾಳ ಪಾದವನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ತಮ್ಮ ಮಡಿಲಿಗೆ ತೆಗೆದುಕೊಂಡು, ಅದರ ಮೇಲೆ ಐಸ್ ಇಟ್ಟರು.

"ಭವಾನಿ, ಆಟೋ ಕರಿಯವ್ವ. ಕೀಲ್ಪಾಕಿಗೆ ನಾನೂ ಬರ್ತೀನಿ."

ಪ್ರೇಮಮ್ಮ ಇನ್ನೂ ನಿಂತೇ ಇದ್ದರು. "ಒಂದೇ ಒಂದ್ಸಲ ಮುಟ್ಟಿ ಕಳಿಸಬಾರದಾ?" ಎಂದರು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಸುಮಿತ್ರಮ್ಮ ಮಡಿಲಿನಲ್ಲಿದ್ದ ಪಾದದಿಂದ ಕಣ್ಣೆತ್ತಲಿಲ್ಲ. "ಆಗ್ಲೇ ಮುಟ್ಟೀನಲ್ಲವ್ವ" ಎಂದರು.