ಇಪ್ಪತ್ತನಾಲ್ಕು ಲಾಳ

ಮಗಳ ಕೇಕಿನಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಬಾಗಿಲು ಹಾಕಿಕೊಂಡು ಕೂತು ಎಂಟು ತಿಂಗಳಾಗಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದ, ಸ್ನಾನಕ್ಕೆ ಹೋಗು ಎಂದರೆ ಹೋಗುತ್ತಿದ್ದ. ಮಗಳಿಗೆ ಭಯವಾಗಿದ್ದು ಅದಕ್ಕೇ. ನಲವತ್ತು ವರ್ಷ ಕುದುರೆಗಳಿಗೆ ಲಾಳ ಕಟ್ಟಿದ ಮನುಷ್ಯ, ಯಾರು ಏನೇ ಹೇಳಲಿ ಒಂದಕ್ಕೆ ಎರಡು ಆಡದೆ ಬಿಡದವನು, ಈಗ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆಂದರೆ ಏನರ್ಥ?

ಅಪ್ಪನ ಸೊಂಟ ಕೈಕೊಟ್ಟಿತ್ತು. ಇನ್ನು ಬಗ್ಗಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಬಗ್ಗದೆ ಲಾಳ ಕಟ್ಟುವುದು ಹೇಗೆ? ಕುದುರೆ ತಾನಾಗಿ ಮೇಜಿನ ಮೇಲೆ ಕಾಲಿಡುತ್ತದೆಯೇ? ಅಪ್ಪ ಅವತ್ತೇ ತನ್ನ ಸಾಮಾನನ್ನೆಲ್ಲ ಪಕ್ಕದೂರಿನ ಲಾಳಗಾರನಿಗೆ ಕೊಟ್ಟು ಬಂದ. "ಇನ್ನು ನನ್ನಿಂದ ಯಾರಿಗೇನು ಉಪಯೋಗ?" ಅಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಗಳು ಹೇಳಿನೋಡಿದಳು, ಬೈದುನೋಡಿದಳು, ಒಂದು ದಿನ ಅತ್ತೂ ನೋಡಿದಳು. ಎಲ್ಲಕ್ಕೂ ಅಪ್ಪ ತಲೆಯಾಡಿಸಿದ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಅಂಗಡಿಗೆ ಬಂದಳು. ಸಿಹಿ ಮುಟ್ಟಬೇಡಿ ಎಂದು ಬೀದಿಗೆಲ್ಲ ಉಪದೇಶ ಮಾಡುವಾಕೆಗೆ ತನ್ನ ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಇಪ್ಪತ್ತನಾಲ್ಕು ಕಪ್‌ಕೇಕ್ ಬೇಕಾಗಿತ್ತು. ಹುಡುಗಿ ಕುದುರೆ ಸವಾರಿ ಕಲಿಯುತ್ತಿದ್ದಳು. ಬರುವ ಮಕ್ಕಳೆಲ್ಲ ಅದೇ ತರಗತಿಯವರು. ಮೊದಲು ಕುದುರೆಯ ಮುಖವೇ ಇರಲಿ ಎಂದು ಮಾತಾಗಿತ್ತು. ಆದರೆ ಮಾದರಿಗೆಂದು ಮಾಡಿದ್ದನ್ನು ನೋಡಿ ಹುಡುಗಿ, "ನಾಯಿ ಮುದ್ದಾಗಿದೆ" ಅಂದಳು. ಅಲ್ಲಿಗೆ ಮುಖ ಬೇಡ, ಸಕ್ಕರೆಯ ಲಾಳ ಸಾಕು ಎಂದು ತೀರ್ಮಾನವಾಯಿತು.

"ಎಲ್ಲಾ ಒಂದೇ ಥರ ಇರ್ಬೇಕು ನೋಡಿ," ಅಂದಳು ಡಾಕ್ಟರಮ್ಮ. "ಹೋದ ವರ್ಷ ಒಂದ್ರ ಮೇಲೆ ಹೂವು ದೊಡ್ಡದಿತ್ತು ಅಂತ ಕೂದಲು ಹಿಡ್ಕೊಂಡು ಜಗಳ ಆಡಿದ್ರು."

ಅದಕ್ಕೆ ಅಂಗಡಿಯಲ್ಲಿ ಅಚ್ಚಿತ್ತು. ಅರ್ಧ ಗಂಟೆಯ ಕೆಲಸ. ಆದರೂ ಮಗಳು ಅಚ್ಚನ್ನು ಡ್ರಾಯರಿನಲ್ಲೇ ಬಿಟ್ಟು, ನಾದಿದ ಸಕ್ಕರೆ ಕಣಕದ ಒಂದು ದೊಡ್ಡ ಉಂಡೆ ತಟ್ಟೆಗೆ ಹಾಕಿಕೊಂಡು ಅಪ್ಪನ ಕೋಣೆಗೆ ಹೋದಳು.

"ಅಪ್ಪಾ, ನಂಗ್ಯಾಕೋ ಕೈ ನೋಯ್ತಿದೆ. ಇಪ್ಪತ್ನಾಲ್ಕು ಲಾಳ ಮಾಡಿಕೊಡ್ತೀಯಾ?"

ಅಪ್ಪ ಮೊದಲು ಉಂಡೆ ನೋಡಿದ, ಆಮೇಲೆ ಅವಳ ಕೈ ನೋಡಿದ. "ಯಾವ ಕುದುರೆಗೆ?"

"ಕುದುರೆಗಲ್ಲಪ್ಪ, ಕಪ್‌ಕೇಕಿಗೆ!" ಎಂದು ಅವಳು ನಕ್ಕುಬಿಟ್ಟಳು.

"ಅಳೋ ಮಗೂಗೆ ಆಟದ ಸಾಮಾನು ಕೊಟ್ಟ ಹಾಗೆ ಕೊಡ್ತಿದ್ದೀಯ," ಅಂದ ಅಪ್ಪ.

ಅದು ನಿಜವೇ ಆಗಿತ್ತು. ತಟ್ಟೆಯನ್ನು ಮಂಚದ ಪಕ್ಕ ಇಟ್ಟು, ಒಂದು ಚಿಕ್ಕ ಚಾಕು, ನಾಲ್ಕು ಹಲ್ಲುಕಡ್ಡಿ ಇಟ್ಟು ಹೊರಗೆ ಬಂದಳು. ಅವತ್ತು ಮಧ್ಯಾಹ್ನವೆಲ್ಲ ಒಳಗಿನಿಂದ ಒಂದು ಸದ್ದಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವಳು ಒಲೆ ಹಚ್ಚಲು ಬಂದಾಗ ಲಾಳ ತುಂಬಿದ ತಟ್ಟೆ ಅಡುಗೆಕಟ್ಟೆಯ ಮೇಲಿತ್ತು.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಲಾಳಗಳು ಗಟ್ಟಿಯಾಗಿ ಒಣಗಿದ್ದವು, ಅಂಚು ನುಣ್ಣಗಿತ್ತು, ಮೊಳೆಯ ತೂತುಗಳನ್ನು ಹಲ್ಲುಕಡ್ಡಿಯಿಂದ ಲೆಕ್ಕ ಹಾಕಿ ಚುಚ್ಚಿದ್ದ. ಎಲ್ಲ ಸರಿ, ಆದರೆ ಒಂದರ ಹಾಗೆ ಇನ್ನೊಂದಿರಲಿಲ್ಲ. ನಾಲ್ಕು ಲಾಳಗಳಂತೂ ಕೇಕಿನ ತಲೆಯನ್ನೇ ಮುಚ್ಚುವಷ್ಟು ದಪ್ಪ. ನಾಲ್ಕು ಉಗುರಿನಷ್ಟೇ. ಕೆಲವು ಗುಂಡಗೆ, ಕೆಲವು ಉದ್ದುದ್ದ. ಒಂದಂತೂ ಎರಡು ತುದಿಗಳೂ ಕೂಡಿಕೊಂಡು ಬಳೆಯ ಹಾಗೆ ಮುಚ್ಚಿಹೋಗಿತ್ತು. ಅಪ್ಪನ ಕೈ ತಪ್ಪಿದೆ ಎಂದುಕೊಂಡಳು.

ಹತ್ತು ಗಂಟೆಗೆ ಡಾಕ್ಟರಮ್ಮ ಬರುತ್ತಾಳೆ. ಮಗಳು ಸುತ್ತಮುತ್ತ ನೋಡಿ, ಕಳ್ಳಿಯ ಹಾಗೆ ಡ್ರಾಯರು ಎಳೆದು ಅಚ್ಚು ತೆಗೆದಳು. ಲಟ್ಟಿಸಿದಳು, ಒತ್ತಿದಳು, ಇಪ್ಪತ್ತನಾಲ್ಕು ಕೇಕುಗಳ ಕ್ರೀಮಿನ ಮೇಲೆ ಇಪ್ಪತ್ತನಾಲ್ಕು ಲಾಳ ಕೂರಿಸಿದಳು. ಅಪ್ಪ ಮಾಡಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ಮೂಲೆಗೆ ತಳ್ಳಿದಳು. ಅಷ್ಟರಲ್ಲಿ ಅಪ್ಪ ಟೀ ಕುಡಿಯಲು ಬಂದ. ಕರೆಯದೆ ತಾನಾಗಿಯೇ ಬಂದಿದ್ದ, ಅದೂ ತಲೆ ಬಾಚಿಕೊಂಡು.

ಕೇಕು ಜೋಡಿಸಿದ್ದ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಅಪ್ಪ ನೋಡಿದ.

"ಚೆನ್ನಾಗಿವೆ," ಅಂದ. "ಎಲ್ಲಾ ಒಂದೇ ಥರ ಇವೆ."

ಟೀ ಮುಟ್ಟಲಿಲ್ಲ. ಒಳಗೆ ಹೋದ, ಎಂಟು ತಿಂಗಳಲ್ಲಿ ಮೊದಲ ಸಲ ಚಿಲಕ ಹಾಕಿಕೊಂಡ. ಹೋಗಿ ಬಾಗಿಲು ತಟ್ಟಿ ಹೇಳುವುದಾದರೂ ಏನು? ತನ್ನ ಮೇಲೆ ತನಗೇ ಸಿಟ್ಟು ಬಂದು, ಏನೂ ತಪ್ಪು ಮಾಡದ ಪಾತ್ರೆಗಳನ್ನು ದಡಬಡ ತೊಳೆಯತೊಡಗಿದಳು.

ಡಾಕ್ಟರಮ್ಮ ಗಡಿಯಾರ ನೋಡಿಕೊಂಡು ಬರುವ ಜಾತಿ. ಸರಿಯಾಗಿ ಹತ್ತಕ್ಕೆ ಹುಡುಗಿಯ ಕೈ ಹಿಡಿದು ಒಳಗೆ ಬಂದಳು. "ವಾ, ನಾನು ಹೇಳಿದ್ದು ಇದೇ!" ಎಂದು ಪೆಟ್ಟಿಗೆಗೆ ಕೈ ಚಾಚಿದಳು.

ಮಗಳು ಪೆಟ್ಟಿಗೆ ಬಿಡಲಿಲ್ಲ. ಕೊಡಬೇಕೆಂದೇ ಇದ್ದಳು, ಕೈ ಕೇಳಲಿಲ್ಲ. ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿ, ಬಿಸ್ಕತ್ತಿನ ಡಬ್ಬಿ ತಂದು ಕೌಂಟರಿನ ಮೇಲೆ ಸುರಿದಳು.

"ಇವು ನಮ್ಮಪ್ಪ ಮಾಡಿದ್ದು. ನಲವತ್ತು ವರ್ಷ ನಿಜವಾದ ಕುದುರೆಗೇ ಲಾಳ ಕಟ್ಟಿದವರು. ನೀವು ಬೈತೀರ ಅಂತ ಹೆದರಿ ನಾನು ಬಚ್ಚಿಟ್ಟುಬಿಟ್ಟೆ. ಯಾವುದು ಬೇಕು ನೀವೇ ನೋಡಿ."

ಡಾಕ್ಟರಮ್ಮ ಹುಳುಕು ಹಲ್ಲು ಕಂಡವಳಂತೆ ಮುಖ ಮಾಡಿದಳು. "ಒಂದಕ್ಕೊಂದು ಹೋಲಿಕೇನೇ ಇಲ್ವಲ್ರೀ. ಮಕ್ಕಳು ನನ್ನ ಪ್ರಾಣ ತಿಂತಾರೆ."

ಹುಡುಗಿಗೆ ಅಮ್ಮನ ಮಾತು ಕೇಳಿಸಲೇ ಇಲ್ಲ. ಕಾಲ್ಬೆರಳ ಮೇಲೆ ನಿಂತು ಲಾಳಗಳನ್ನು ಎಳೆದೆಳೆದು ಜೋಡಿಸುತ್ತಿದ್ದಳು. ದಪ್ಪನೆಯ ನಾಲ್ಕು ಒಂದು ಕಡೆ, ಉಗುರಿನಂಥ ನಾಲ್ಕು ಒಂದು ಕಡೆ. ಗುಂಡಗಿನ ಎರಡು ಮುಂದೆ, ಉದ್ದನೆಯ ಎರಡು ಹಿಂದೆ.

"ಅಮ್ಮಾ, ಇವು ಬೇರೆಬೇರೆ ಅಲ್ಲ! ಇದು ಮುಂಗಾಲು, ಇದು ಹಿಂಗಾಲು. ಆರು ಕುದುರೆ ಇವೆ!" ಕೊನೆಯ ಗುಂಪಿಗೆ ಬಂದು ಅವಳ ಕೈ ನಿಂತಿತು. ಬಳೆಯಂಥದ್ದನ್ನು ಎತ್ತಿಕೊಂಡು ಕೇಳಿದಳು, "ಆಂಟಿ, ಇದ್ಯಾಕೆ ಮುಚ್ಚಿದೆ?"

ಮಗಳಿಗೆ ಅದು ಗೊತ್ತಿರಲಿಲ್ಲ. ಕೈ ತಪ್ಪಿದ್ದಲ್ಲ ಎಂಬುದು ಮಾತ್ರ ಈಗ ಗೊತ್ತಾಗಿತ್ತು. ಲಾಳಗಾರನ ಮನೆಯಲ್ಲಿ ಹುಟ್ಟಿ ಬೆಳೆದವಳು, ಒಂದು ದಿನವಾದರೂ ಕೇಳಿ ತಿಳಿದುಕೊಂಡಿದ್ದಿಲ್ಲ. ಅವಳಿಗೆ ನಾಚಿಕೆಯಾಯಿತು, ಜೊತೆಗೆ ತಿಳಿಯಬೇಕೆಂಬ ಆಸೆಯೂ ಆಯಿತು. ಅಲ್ಲಿಂದಲೇ ಕೂಗಿದಳು:

"ಅಪ್ಪಾ! ಒಂದು ಲಾಳ ಮುಚ್ಚಿದೆಯಲ್ಲ, ಅದ್ಯಾಕೆ? ನಂಗೆ ಗೊತ್ತಿಲ್ಲ ಅಪ್ಪಾ, ಬಂದು ಹೇಳು!"

ಡಾಕ್ಟರಮ್ಮ ಗಡಿಯಾರ ನೋಡಿದಳು. ಆಮೇಲೆ ಚಿಲಕ ಸರಿಯಿತು.

"ಎಡ ಮುಂಗಾಲು ಅದು," ಎನ್ನುತ್ತ ಅಪ್ಪ ಗೋಡೆ ಹಿಡಿದು ನಿಧಾನವಾಗಿ ಬಂದ. "ಮುದಿ ಹೆಣ್ಣು ಕುದುರೆ. ಹಿಮ್ಮಡಿ ನೋವಿತ್ತು, ನೆಲಕ್ಕೆ ಊರೋಕೆ ಆಗ್ತಿರಲಿಲ್ಲ. ಹಿಂದೆ ಹೀಗೆ ಪಟ್ಟಿ ಕೂಡಿಸಿ ಮುಚ್ಚಿದ್ರೆ ಭಾರ ಹಂಚಿಹೋಗುತ್ತೆ. ಆ ಲಾಳ ಕಟ್ಟಿದ ಮೇಲೆ ಒಂಬತ್ತು ವರ್ಷ ನಡೀತು ಅದು."

"ನಿಜವಾದ ಕುದುರೇನಾ ತಾತ?"

"ಮತ್ತೆ? ಇಲ್ಲದ ಕುದುರೆಗೆ ಯಾರಾದ್ರೂ ಲಾಳ ಮಾಡ್ತಾರಾ? ಇದು ಗಾಡಿ ಎಳೀತಿದ್ದ ರಾಕ್ಷಸ. ಇದು ಸವಾರಿ ಶಾಲೆಯ ಕುಳ್ಳ ಕುದುರೆ, ಹಲ್ಲು ಕಿರಿದು ಅಂಗಿ ಕಚ್ಚೋದು." ಅಪ್ಪನ ಕಣ್ಣು ಪೆಟ್ಟಿಗೆಯಲ್ಲಿದ್ದ ಅಚ್ಚಿನ ಲಾಳಗಳ ಮೇಲೆ ಬಿತ್ತು. "ಒಳಗೂ ಮೂರು ಮೊಳೆ, ಹೊರಗೂ ಮೂರು ಮೊಳೆ! ಹೊರಬದಿಗೆ ಒಂದು ಜಾಸ್ತಿ ಇರ್ಬೇಡ್ವಾ? ಎಡ ಯಾವುದು, ಬಲ ಯಾವುದು? ಇದನ್ನ ಕಟ್ಟಿದ್ರೆ ಕೇಕು ಕುಂಟುತ್ತೆ ಅಷ್ಟೆ."

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಅಮ್ಮಾ, ನಾವು ಇಪ್ಪತ್ನಾಲ್ಕು ಜನ. ಒಬ್ಬೊಬ್ರಿಗೆ ಒಂದೊಂದು ಲಾಳ. ತಮ್ಮ ಕುದುರೆಯ ಬಾಕಿ ಮೂರು ಕಾಲು ಯಾರ ಹತ್ರ ಇದೆ ಅಂತ ಹುಡುಕಿ, ನಾಲ್ಕು ಜನ ಸೇರಿದ ಮೇಲೇನೇ ತಿನ್ನಬೇಕು," ಅಂದಳು.

ಡಾಕ್ಟರಮ್ಮ ಯೋಚಿಸಿದಳು. ಜಗಳಕ್ಕೆ ಪುರುಸೊತ್ತೇ ಇಲ್ಲದಂಥ ಆಟ ಅದು ಎಂದು ಅವಳಿಗೂ ಹೊಳೆದಿರಬೇಕು. "ಸರಿ, ಬದಲಾಯಿಸಿಕೊಡಿ. ನಾನು ಕಾಯ್ತೀನಿ," ಎಂದು ಸ್ಟೂಲಿನ ಮೇಲೆ ಕೂತಳು.

ಅಪ್ಪ ಎತ್ತರದ ಕುರ್ಚಿ ಹಾಕಿಸಿಕೊಂಡು, ಬಗ್ಗದೆ, ಒಂದೊಂದೇ ಲಾಳ ಕೂರಿಸಿದ. ಮಗಳು ಹಳೆಯ ಲಾಳ ಕೀಳುತ್ತ, ಕ್ರೀಮ್ ಸವರಿ ಕೊಡುತ್ತ ಹೋದಳು. "ಸರಿಯಾಗಿ ಹಿಡಿ," "ತಿರುಗಿಸು," "ಕಣ್ಣಿಲ್ವಾ ನಿಂಗೆ?" ಎಂದು ಅಪ್ಪ ಬೈದ. ಎಂಟು ತಿಂಗಳ ಮೇಲೆ ಬೈಸಿಕೊಳ್ಳುತ್ತಿದ್ದ ಮಗಳು ನಗುತ್ತಲೇ ಮುಂದಿನ ಕೇಕು ಮುಂದಿಟ್ಟಳು.

ಗಿರಾಕಿಗಳು ಹೋದ ಮೇಲೆ ಅಪ್ಪ ಕೈ ತೊಳೆದುಕೊಂಡು, ಸುಸ್ತಾಯಿತು ಎಂದು ಕೋಣೆಯ ಕಡೆ ಹೊರಟ. ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೋ ಏನೋ ಎಂದು ಅವಳು ಒದ್ದೆ ಬಟ್ಟೆ ಹಿಡಿದುಕೊಂಡೇ ನೋಡುತ್ತ ನಿಂತಳು. ಅಪ್ಪ ಹೊಸ್ತಿಲಲ್ಲಿ ತಿರುಗಿದ.

"ಬೆಳಿಗ್ಗೆ ಎಷ್ಟು ಗಂಟೆಗೆ ಕೆಲಸ ಶುರು ಮಾಡ್ತೀಯ?"

"ಐದಕ್ಕೆ ಅಪ್ಪಾ."

"ನನ್ನನ್ನ ನಾಲ್ಕೂವರೆಗೇ ಎಬ್ಬಿಸು," ಅಂದ ಅಪ್ಪ. "ನಿನ್ನ ಕೈ ಬಹಳ ನಿಧಾನ."