ಬಳೆ ತೊಡಿಸುವ ಕಾಸೀಮಬೀ

ಯಾವ ಕೈಗೂ ‘ಈ ಬಳೆ ಆಗುವುದಿಲ್ಲ’ ಎಂದು ಕಾಸೀಮಬೀ ಹೇಳಿದ್ದನ್ನು ಕುಷ್ಟಗಿಯಲ್ಲಿ ಯಾರೂ ಕೇಳಿರಲಿಲ್ಲ. ಮಣಿಕಟ್ಟಿಗೆ ಅಂಟಿ ಕೂತದ್ದೇ ಬಳೆ, ಕೈಯಲ್ಲಿ ಜಾರಾಡುವುದು ಬರೀ ಗಾಜು ಎಂಬುದು ಅವಳ ಸಿದ್ಧಾಂತ. ಎಡ ಹೆಗಲಿಗೆ ಬಳೆಯ ಮಲಾರ ಇಳಿಬಿಟ್ಟು, ಮೈಯನ್ನು ಒಂದು ಕಡೆಗೆ ವಾಲಿಸಿ, ಬೀದಿಗೆ ಓರೆಯಾಗಿಯೇ ನಡೆಯುವ ನಡಿಗೆ. ಸುಡು ಬೇಸಿಗೆಯಲ್ಲೂ ಮೈಬಿಡದ, ತೀರಿಹೋದ ಗಂಡನ ಖಾಕಿ ಕೋಟು. ಆ ಕೋಟಿನ ಒಂದು ಕಿಸೆಯಲ್ಲಿ ಸಾಬೂನಿನ ತುಂಡು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆಯ ಸೀಸೆ. ಬಳೆ ಏರಿಸುವಾಗ ಅವಳು ಕೈಯನ್ನು ನೋಡುತ್ತಲೇ ಇರಲಿಲ್ಲ. ಆ ಹೆಣ್ಣಿನ ಮುಖ ನೋಡುತ್ತ, ತವರಿನ ಸುದ್ದಿ ಕೇಳುತ್ತ, “ಆತು ನೋಡು, ಮುಗೀತು” ಅನ್ನುವಷ್ಟರಲ್ಲಿ ಬಳೆಗಳು ಏರಿರುತ್ತಿದ್ದವು.

ನನ್ನ ಅಕ್ಕ ಶರಣಬಸಮ್ಮನ ಸೊಸೆ ಐಶ್ವರ್ಯಳ ಕುಬಸಕ್ಕೂ ಅವಳೇ ಬಂದಿದ್ದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ ಹರಸುವ ಆ ಶುಭಕಾರ್ಯದ ಬಳೆ ಹೆರಿಗೆಯವರೆಗೆ ಒಡೆಯಬಾರದೆಂಬುದು ನಮ್ಮ ಕಡೆಯ ನಂಬಿಕೆ. ಐಶ್ವರ್ಯಳ ಕೈ ಆಗಲೇ ಬಾತಿತ್ತು. ಮದುವೆಯಲ್ಲಿ ತೊಡಿಸಿದ ಅಳತೆ ಬೆರಳಗೆಣ್ಣು ದಾಟಲೊಲ್ಲದು. ದೊಡ್ಡ ಅಳತೆ ತೆಗೆದಿದ್ದರೆ ಆಗುತ್ತಿತ್ತು, ಆದರೆ ಕಾಸೀಮಬೀಗೆ ಅದು ಸೋಲು. ಸಾಬೂನು ಹಚ್ಚಿ, ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಒಂದೂ ಒಡೆಯದಂತೆ ಏರಿಸಿಯೇಬಿಟ್ಟಳು. “ಕೂಸು ಮೈ ತುಂಬಿ ಬರಾಕತ್ತೈತಿ, ಅದಕ್ಕ ಕೈ ತುಂಬ್ಯಾವ” ಎಂದು ಅಕ್ಕ ಹಿಗ್ಗಿದಳು. ನಾವೆಲ್ಲ ಆ ಕೈಚಳಕಕ್ಕೆ ತಲೆದೂಗಿ ಹೋಳಿಗೆ ಉಂಡೆವು.

ವಾರ ಕಳೆಯುವುದರೊಳಗೆ ಹುಡುಗಿಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾದವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿದವರೇ, “ಈ ಬಾವು ಬಿಪಿ ಏರಿದ್ದಕ್ಕ ಬಂದೈತ್ರಿ. ಫಿಟ್ಸ್ ಬಂದ್ರ ತಾಯಿ-ಕೂಸು ಇಬ್ಬರಿಗೂ ಅಪಾಯ. ಇವತ್ತ ಹೆರಿಗಿ ಮಾಡಿಸಬೇಕು” ಎಂದರು. ಬಿಗಿದ ಬಳೆಗಳ ಕೆಳಗೆ ಬೆರಳುಗಳು ನೀಲಿಗಟ್ಟಿದ್ದವು. ನರ್ಸು ಬಳೆ ಒಡೆಯಲು ಬಂದರೆ ಅಕ್ಕ ಸೊಸೆಯ ಕೈ ಬಿಡಲೊಲ್ಲಳು. “ಕುಬಸದ ಬಳಿ ಒಡದ್ರ ಕೂಸಿಗೆ ಕೇಡು. ಕಾಸೀಮಬೀನ್ನ ಕರಸ್ರಿ, ಆಕಿ ಒಡೀದಂಗ ತಗೀತಾಳ.” ಅವಳ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ ಇತ್ತು, ನಾನೇ ಓಡಿಹೋಗಿ ಕರೆತಂದೆ.

ಕಾಸೀಮಬೀ ಬಂದು, ಸಾಬೂನು ಹಚ್ಚಿ, ಕೈ ಹಿಡಿದಳು. ಅವಳ ಹೆಬ್ಬೆರಳು ಊರಿದಲ್ಲಿ ಕುಳಿ ಬಿತ್ತು, ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು. ಅವಳು ಐಶ್ವರ್ಯಳ ಮುಖ ನೋಡಲಿಲ್ಲ. ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಸೆರಗಿನ ಅಂಚನ್ನು ಬಳೆಯಡಿಗೆ ತೂರಿಸಿ, ಒಂದೊಂದಾಗಿ ಒಡೆಯತೊಡಗಿದಳು.

“ಏ, ಏನ ಮಾಡಾಕತ್ತಿ!” ಎಂದು ಅಕ್ಕ ಚೀರಿದಳು.

“ಬೈರಿ ಅಕ್ಕಾರ, ನಂದ ತಪ್ಪೈತಿ. ಬಳಿ ಮತ್ತ ಇಡಸಬಹುದು, ಮಗಳು ಉಳೀಬೇಕಲ್ರಿ.”

ಹಾಗೆಂದು ಅವಳು ಮುಂದಿನ ಬಳೆಯಡಿಗೆ ಸೆರಗು ತೂರಿಸಿದಳು.

ಇಬ್ಬರೂ ಉಳಿದರು. ಅವಧಿಗೆ ಮೊದಲೇ ಹುಟ್ಟಿದ ಕೂಸು ಕೆಲಕಾಲ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಅದು ಸಣಕಲಾದದ್ದು ಬಳೆ ಒಡೆದದ್ದಕ್ಕೇ ಎಂದು ಅಕ್ಕ ಇವತ್ತಿಗೂ ಸಾಧಿಸುತ್ತಾಳೆ. ಕಾಸೀಮಬೀಯನ್ನು ಹೊಸ್ತಿಲ ಒಳಗೆ ಕರೆಯುವುದಿಲ್ಲ. ಕಾಸೀಮಬೀಯಾದರೋ ಈಗ ಕುಬಸದ ಮನೆಯಲ್ಲಿ ಬಾತ ಕೈ ಕಂಡರೆ ಸಾಕು, ಮಲಾರ ಕಟ್ಟಿಬಿಡುತ್ತಾಳೆ. “ಮೊದಲ ಬಿಪಿ ತೋರಿಸ್ಕೊಂಡ ಬರ್ರಿ, ಆಮ್ಯಾಲ ಬಳಿ.” ಶುಭ ಗಳಿಗೆಯಲ್ಲಿ ಅಪಶಕುನ ನುಡಿಯುತ್ತಾಳೆಂದು ಅವಳನ್ನು ಕರೆಯುವ ಮನೆಗಳೂ ಕಡಿಮೆಯಾಗಿವೆ.

ಕುಶಲಿಗಳು ಸಾಮಾನ್ಯವಾಗಿ ತಮ್ಮ ಕೌಶಲವನ್ನು ನಂಬಿಕೊಂಡೇ ಮುಪ್ಪಾಗುತ್ತಾರೆ, ಊರೂ ಅವರನ್ನು ಹಾಗೆಯೇ ಮೆಚ್ಚುತ್ತದೆ. ಅಂಥವರಲ್ಲೊಬ್ಬರು ತಮ್ಮ ಕೈಯನ್ನೇ ಅನುಮಾನಿಸಲು ಕಲಿತರೆ ಅದನ್ನು ವಿವೇಕವೆಂದು ಕರೆಯುವವರು ಸಿಗುವುದಿಲ್ಲ. ಮುದುಕಿಗೆ ಈಗ ಬಳೆ ತೊಡಿಸಲು ಬರುವುದಿಲ್ಲ ಎನ್ನುತ್ತಾರೆ.